ಹದಿನೇಳನೇ ಪಾಠಕ್ಕೆ ಕೂರದ ನರ್ಮದಾ ಅಕ್ಕೋರು

...ಹಾಂ, ಆ ಸ್ಕೂಟಿ ವಿಷ್ಯ ಅಲ್ಲಿಗೇ ಬಿಡಿ. ಅದ್ರ ಬ್ರೇಕು, ಅದ್ರ ಸೈಡ್ ವೀಲು ಹೇಳ್ತಾ ಕೂತ್ರೆ ಅಸಲಿ ಕತೆ ಹೇಳೂದೇ ಆಗೂದಿಲ್ಲ. ನಾ ಹೇಳ್ಬೇಕು ಅಂತ ಇದ್ದದ್ದು ಪುಸ್ತಕದ ಗಲಾಟೆ. ಕುಮಟಾದಲ್ಲಿ ಕಮಿಟಿಯವ್ರ ಎದ್ರಿಗೇ ನರ್ಮದಾ ಅಕ್ಕೋರು ಮಾಡಿದ್ರಲ್ಲ, ಅದು. ಆದ್ರೆ ಅವ್ರು ಎಂತ ಜನ ಅಂತ ಗೊತ್ತಿಲ್ದಿದ್ರೆ ಅದು ಬರೀ ಜಗಳ ಅಂತ ಕಾಣ್ತದೆ. ಹಂಗಾಗಿ ಸ್ವಲ್ಪ ಹಿಂದಿಂದ ಬರ್ತೆ.

ಅಕ್ಕೋರು ಅಂದ್ರೆ ನಮ್ಮ ಕಡೆ ಟೀಚರು, ಗೊತ್ತಲ್ಲ. ನರ್ಮದಾ ಅಕ್ಕೋರ ಮನೆ ಕಾಸರಕೋಡಲ್ಲಿ, ನಮ್ಮ ಮನೆ ಹಿಂದೇನೇ. ಅವ್ರ ಅಮ್ಮ ಮಾದೇವಮ್ಮ ಮೀನು ಒಣಗ್ಸೂ ಬಯಲಲ್ಲಿ ಕೆಲಸ ಮಾಡೂದು. ಅಕ್ಕೋರಿಗೆ ಮೂವತ್ತು ದಾಟಿದೆ, ಎಷ್ಟು ದಾಟಿದೆ ಕೇಳ್ಬೇಡಿ, ಬೈತಾರೆ. ಹುಟ್ಟಿದಾಗಿಂದ್ಲೂ ಎರಡೂ ಕಾಲು ಸಪೂರ, ಬಲ ಇಲ್ಲ. ಎರಡು ಬಗಲುಗೋಲು ಹಿಡ್ಕಂಡು ನಡೀತಾರೆ. ಆ ಕೋಲಿನ ಟಕ್ ಟಕ್ ಕೇಳ್ತಿದ್ದ ಹಂಗೇ ನಮ್ಮ ಕೇರಿ ಹುಡುಗ್ರೆಲ್ಲ ಮೊಬೈಲು ಒಳಗೆ ಇಡ್ತ್ರು, ಅಷ್ಟು ಹೆದರಿಕೆ. ದೂರ ಹೋಗೂದಿದ್ರೆ ಸ್ಕೂಟಿ. ಶುಕ್ರವಾರ ಭಟ್ಕಳ, ಗುರುವಾರ ಹೊನ್ನಾವರ, ಶನಿವಾರ ಕುಮಟಾ. ನಾ ಕಾಲೇಜಿಗೆ ಹೋಗೂದು ಅವ್ರ ಸ್ಕೂಟಿ ಹಿಂದೆ ಕೂತ್ಕಂಡು, ಸಂಜೆ ಕ್ಲಾಸಲ್ಲೂ ಹಿಂದೆ ಕೂತಿರ್ತೆ, ಯಾಕಂದ್ರೆ ಅವ್ರು ಬಿಡ್ದೇ ನಂಗೆ ವಾಪಸ್ ಬರೂಕೆ ಗಾಡಿ ಇಲ್ಲ. ಶರಾವತಿ ಸೇತುವೆ ಮೇಲೆ ಲಾರಿಯವ ಹಾರ್ನ್ ಹೊಡ್ದು ಒತ್ತಿದ್ರೆ ಅಕ್ಕೋರು ಎಡಗೈ ಎತ್ತಿ ಒಂದು ಮಾತು ಹೇಳ್ತ್ರು. ಆ ಮಾತು ಇಲ್ಲಿ ಬರಿಯೂಕೆ ಬರೂದಿಲ್ಲ.

ಅವ್ರು ಕಲ್ಸೂದು ಮಾತಾಡೂ ಕನ್ನಡ. ಹೊರಗಿಂದ ಬಂದೋರಿಗೆ. ಈಗ ನಮ್ಮ ಕಡೆ ನೋಡಿ, ಬ್ಯಾಂಕಲ್ಲಿ ಬಿಹಾರದವ್ರು, ಆಸ್ಪತ್ರೆಲಿ ಕೇರಳದ ನರ್ಸುಗಳು, ಬಂದರಲ್ಲಿ ಬಲೆ ಎಳ್ಯೂಕೆ ಒಡಿಶಾದ ಹುಡುಗ್ರು. ಭಟ್ಕಳದಲ್ಲಿ ಮದ್ವೆ ಆಗಿ ಬೇರೆ ರಾಜ್ಯದಿಂದ ಬಂದ ಹೆಣ್ಮಕ್ಳು, ಮನೆಲಿ ನವಾಯತಿ, ಉರ್ದು ಎಲ್ಲ ಆಗ್ತದೆ, ಅಂಗಡಿಗೆ ಬಂದ್ರೆ ಕನ್ನಡ ಬೇಕು. ಇವ್ರೆಲ್ಲ ಅಕ್ಕೋರ ಕ್ಲಾಸಿಗೆ ಬರೂರು. ಕ್ಲಾಸು ನಡ್ಸೂದು ಕುಮಟಾದ ಒಂದು ಟ್ರಸ್ಟು, ಮಾತಿನಮನೆ ಅಂತ ಹೆಸ್ರು. ರೂಮು ಅವ್ರದ್ದು, ಪುಸ್ತಕ ಅವ್ರದ್ದು, ಸಂಬ್ಳ ಅವ್ರದ್ದು. ಬಾಯಿ ಮಾತ್ರ ಅಕ್ಕೋರದ್ದು.

ಅಕ್ಕೋರ ಕಲ್ಸೂ ರೀತಿಗೆ ಒಂದೇ ಕಾನೂನು. ಯಾವ ಮಾತನ್ನೂ ಗೋಡೆಗೆ ಹೇಳ್ಬಾರ್ದು. ಪುಸ್ತಕದಲ್ಲಿ ಎಂತ ವಾಕ್ಯ ಇದ್ಯೋ ಅದು ಯಾರಿಗೆ ಹೊಂದ್ತದೋ ಅವ್ರನ್ನ ಹುಡುಕಿ ಎದ್ರಿಗೆ ನಿಂತು, ಮುಖ ನೋಡಿ ಹೇಳ್ಬೇಕು. "ನೀವು ತಡವಾಗಿ ಬಂದಿರಿ" ಅಂತ ಪಾಠ ಇದ್ರೆ ನಿಜವಾಗ್ಲೂ ತಡ ಆಗಿ ಬಂದೋನ ಹತ್ರ ಹೋಗಿ ಹೇಳ್ಬೇಕು. ಒಂದ್ಸಲ "ನಿಮ್ಮ ಅಂಗಿ ಚೆನ್ನಾಗಿದೆ" ಅಂತ ಹೇಳೂಕೆ ಇಡೀ ಕ್ಲಾಸಲ್ಲಿ ಒಂದೂ ಚಂದದ ಅಂಗಿ ಸಿಗ್ದೇ ಒಡಿಶಾದ ಹುಡುಗ ಹೊರಗೆ ರಸ್ತೆಗೆ ಓಡಿ ರಿಕ್ಷಾದವ್ನಿಗೆ ಹೇಳಿ ಬಂದ. ರಿಕ್ಷಾದವ ಈಗ್ಲೂ ಅವ್ನನ್ನ ಕಂಡ್ರೆ ನಿಲ್ಲಿಸ್ತಾನೆ. "ಮುಖ ನೋಡಿ ಹೇಳ್ದಾಗ್ಲೇ ಗೊತ್ತಾಗೂದು ಆ ಮಾತು ಹೇಳೂಕೆ ಯೋಗ್ಯವಾ ಅಲ್ವಾ" ಅಂತ ಅಕ್ಕೋರ ಮಾತು.

ಜಗಳ ಅವ್ರಿಗೆ ಹೊಸದಲ್ಲ ಮತ್ತೆ. ಐದನೇ ಕ್ಲಾಸಲ್ಲಿ ಇಂಗ್ಲಿಷ್ ಮಾಸ್ತರ್ರು ಉದ್ದ, ಕುಳ್ಳ, ದಪ್ಪ, ಸಪೂರ ಅಂತ ಒಬ್ಬೊಬ್ರನ್ನ ನಿಲ್ಸಿ ಶಬ್ದ ಕಲಿಸ್ತಿದ್ರಂತೆ. ಕುಂಟಿ ಅನ್ನೂ ಶಬ್ದ ಬಂದಾಗ ನರ್ಮದಾನ ಕಡೆ ಬೆತ್ತ ತೋರ್ಸಿದ್ರು, ಇಡೀ ಕ್ಲಾಸು ಒಟ್ಟಿಗೆ ಕೂಗ್ತು. ನರ್ಮದಾ ಎದ್ದು ನಿಂತು, "ಸರ್, ಬೋಳುತಲೆಗೆ ಇಂಗ್ಲಿಷಲ್ಲಿ ಎಂತ ಹೇಳ್ತ್ರು?" ಅಂತ ಅವ್ರ ತಲೆ ಕಡೇನೇ ಬೆರಳು ಮಾಡಿ ಕೇಳಿದ್ಳು. ಹೊರಗೆ ನಿಲ್ಸಿದ್ರು. ಸಂಜೆ ಮಾದೇವಮ್ಮನಿಗೆ ಕರೆ ಹೋತು. ಮಾದೇವಮ್ಮ ಮೀನಿನ ವಾಸನೆ ಸೀರೆಲೇ ಬಂದು ಮಾಸ್ತರ್ರ ಹತ್ರ ತಪ್ಪಾತು ತಪ್ಪಾತು ಅಂದ್ರು, ಗೇಟು ದಾಟಿದ್ಮೇಲೆ ಮಗಳಿಗೆ, "ಅಲ್ದೇ, ಬೋಳು ಹೌದಾದ್ರೂ ಹೇಳೂದಾ?" ಅಂತ ಕೇಳಿ ದಾರಿ ಉದ್ದಕ್ಕೂ ನಗಾಡಿದ್ರಂತೆ. ಇದನ್ನ ಮಾದೇವಮ್ಮನೇ ನಂಗೆ ಹೇಳಿದ್ದು, ಒಣಗೂಕೆ ಹಾಕಿದ ಬಂಗಡೆ ಮೀನು ತಿರುಗಿಸ್ತಾ.

ಈಗ ಪುಸ್ತಕಕ್ಕೆ ಬರ್ವಾ.

ಟ್ರಸ್ಟಿನ ಹಳೇ ಪುಸ್ತಕದಲ್ಲಿ ಹದಿನೇಳನೇ ಪಾಠ ಅಂತ ಒಂದಿತ್ತು, ಹೆಸರು ‘ಸಹಾಯ’. ದಾರಿ ಬದಿಗೆ ಒಬ್ಬ ಕಾಲಿಲ್ಲದವ ಕೂತಿದ್ದಾನೆ, ಇಬ್ರು ಹೋಗ್ತಾ ಇದ್ದಾರೆ. ಒಬ್ಬ ಹೇಳ್ತಾನೆ, "ಅಯ್ಯೋ ಪಾಪ! ಅವನಿಗೆ ನಡೆಯಲು ಆಗುವುದಿಲ್ಲ." ಇನ್ನೊಬ್ಬ ಹೇಳ್ತಾನೆ, "ಬನ್ನಿ, ನಾವು ಅವನಿಗೆ ಸಹಾಯ ಮಾಡೋಣ." ಮುಗೀತು. ಇಡೀ ಪುಸ್ತಕದಲ್ಲಿ ಬಸ್ಸು ಹತ್ತೂರು, ಬಾಡಿಗೆ ಮನೆ ಕೇಳೂರು, ಡಾಕ್ಟ್ರು, ಪೋಸ್ಟ್ ಮ್ಯಾನು, ಅತ್ತೆ, ಸೊಸೆ ಎಲ್ಲ ಇದ್ದಾರೆ, ಎಲ್ರ ಕೈಕಾಲು ಕಣ್ಣು ಕಿವಿ ಗಟ್ಟಿ. ಗಟ್ಟಿ ಇಲ್ದವ ಇವ ಒಬ್ನೇ, ಇವ ಮಾಡೂದು ಕೂರೂದು ಒಂದೇ. ಅಕ್ಕೋರು ಆ ಪಾಠ ಯಾವತ್ತೂ ಮಾಡ್ತಿರ್ಲಿಲ್ಲ. ಹದಿನಾರು ಆದ್ಮೇಲೆ ಹದಿನೆಂಟು. ಯಾರಾದ್ರೂ ಕೇಳಿದ್ರೆ, "ಅದು ಹಳಸಿದೆ, ತಿಂದ್ರೆ ಹೊಟ್ಟೆ ನೋವು ಬತ್ತದೆ" ಅಂತ ಹೇಳಿ ಮುಂದೆ ಹೋಗೂದು.

ಹಾರಿಸಿದ್ರೆ ಸಾಕು ಅಂತ ಅವ್ರೂ ಅಂದ್ಕಂಡಿದ್ರು. ಆಮೇಲೆ ಕಿರಣನ ಪ್ರಸಂಗ ಆತು.

ಕಿರಣ ಬಿಹಾರದವ, ಕುಮಟಾದ ಒಂದು ಬ್ಯಾಂಕಲ್ಲಿ ಹೊಸದಾಗಿ ಬಂದ ಕ್ಲರ್ಕು. ಗಿರಾಕಿಗಳು ಕನ್ನಡ ಮಾತಾಡಿ ಅಂತ ದಿನಾ ಗದರಿಸೂದು ಕೇಳಿ ಕೇಳಿ, ಅಂಗಡಿಲಿ ಈ ಪುಸ್ತಕ ತಗಂಡು ರೂಮಲ್ಲಿ ಒಬ್ನೇ ಕೂತು ಬಾಯಿಪಾಠ ಮಾಡಿದ್ದ. ಅಕ್ಕೋರು ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋದ್ರು. ಮೆಟ್ಲು ಹತ್ತಿ, ಬಾಗ್ಲು ತಳ್ಳಿ, ಕೌಂಟರಿಗೆ ಬಂದ್ರು. ಕಿರಣ ಎದ್ದೇ ನಿಂತ. ಎದೆ ಮೇಲೆ ಕೈ ಇಟ್ಟು, ಒಂದು ಅಕ್ಷರ ತಪ್ಪದೇ ಹೇಳಿದ:

"ಅಯ್ಯೋ ಪಾಪ! ನಿಮಗೆ ನಡೆಯಲು ಆಗುವುದಿಲ್ಲ. ಬನ್ನಿ, ನಾನು ನಿಮಗೆ ಸಹಾಯ ಮಾಡುತ್ತೇನೆ."

ಸಾಲಲ್ಲಿ ನಿಂತವ್ರೆಲ್ಲ ತಿರುಗಿ ನೋಡಿದ್ರು.

"ನಡೆಯೂಕೆ ಆಗ್ದೇ ಮೆಟ್ಲು ಮೇಲೆ ಹಾರಿ ಬಂದೆನಾ ನಾನು?" ಅಂದ್ರು ಅಕ್ಕೋರು.

ಕಿರಣನಿಗೆ ಅಷ್ಟು ಕನ್ನಡ ಗೊತ್ತಾಗ್ಲಿಲ್ಲ. ಅವ ಖುಷಿಲಿ ನಗಾಡ್ತಾ ಇದ್ದ, ತನ್ನ ವಾಕ್ಯ ಸರಿ ಬಂತು ಹೇಳಿ. ಹಿಂದಿಲಿ ಕೇಳಿದ್ಮೇಲೆ ಡ್ರಾಯರಿಂದ ಪುಸ್ತಕ ತೆಗ್ದು ತೋರ್ಸಿದ. ಅಡಿಗೆರೆ ಎಲ್ಲ ಹಾಕಿ ಇಟ್ಕಂಡಿದ್ದ, ‘ಪಾಪ’ ಅನ್ನೂದ್ರ ಕೆಳಗೆ ಎರಡು ಗೆರೆ.

ವಾಪಸ್ ಬರ್ತಾ ಸ್ಕೂಟಿಲಿ ಅಕ್ಕೋರು ನಂಗೆ ಹೇಳಿದ್ರು, "ಅವ್ನಿಗೆ ಎಂತ ಬೈಯೂದು? ಅವ್ನ ಬಾಯಿಗೆ ಅದನ್ನ ತುರುಕಿದ್ದು ಬೇರೆಯವ್ರು. ನನ್ನಂಥವ್ರನ್ನ ಕಂಡ್ರೆ ಹೇಳೂಕೆ ಅವ್ನ ಹತ್ರ ಇರೂದು ಅದೊಂದೇ ಮಾತು. ಹೊಸ ಊರಿಗೆ ಬಂದವ ಪುಸ್ತಕ ಕೊಟ್ಟದ್ದನ್ನೇ ಮಾತಾಡೂದು. ನಾ ಹಾರಿಸಿದ್ರೆ ಪಾಠ ಸಾಯೂದಿಲ್ಲ ಕಾಣು."

ಕಿರಣ ಮುಂದಿನ ಶನಿವಾರ ಕ್ಲಾಸಿಗೆ ಸೇರಿದ. ಅರ್ಥ ಗೊತ್ತಾದ ದಿನ ಎರಡು ಪ್ಯಾಕೆಟ್ ಸ್ವೀಟ್ ತಂದು ಮುಖ ಕೆಳಗೆ ಹಾಕ್ಕಂಡು ನಿಂತ. ಅಕ್ಕೋರು ಸ್ವೀಟ್ ತಗಂಡ್ರು, "ಪಾಪ ಕಿರಣ" ಅಂದ್ರು. ಎಲ್ರೂ ನಕ್ರು, ಅವನೂ.

ಇದಾಗಿ ಸ್ವಲ್ಪ ಸಮಯಕ್ಕೆ ಕೃಷ್ಣಾನಂದ ಸರ್ ಫೋನು ಬಂತು. ಟ್ರಸ್ಟಿನ ಅಧ್ಯಕ್ಷರು ಅವ್ರು, ಕಾಲೇಜಲ್ಲಿ ಪಾಠ ಮಾಡಿ ರಿಟೈರ್ ಆದೋರು. ಕೆಟ್ಟವ್ರಲ್ಲ ಮತ್ತೆ, ಅದನ್ನ ಮೊದ್ಲೇ ಹೇಳ್ಬಿಡ್ತೆ. ಅಕ್ಕೋರಿಗೆ ಈ ಕೆಲಸ ಕೊಟ್ಟದ್ದೇ ಅವ್ರು. "ತಂಗೀ, ಹೊಸ ಪುಸ್ತಕ ಮಾಡ್ತಾ ಇದ್ದೇವೆ, ಎಲ್ಲ ಬಣ್ಣದ ಫೋಟೊ. ನಿನ್ನ ಫೋಟೊನೂ ಹಾಕ್ಬೇಕು ಹೇಳಿ ಕಮಿಟಿಲಿ ಆಗಿದೆ" ಅಂದ್ರು. ಅಕ್ಕೋರು ಫೋನಿಟ್ಟು ಕೋಲಿಲ್ದೇ ಗೋಡೆ ಹಿಡ್ಕಂಡು ಕುಣಿದ್ರು. ಮಾದೇವಮ್ಮ ಅಷ್ಟರಲ್ಲಿ ಮೀನಿನ ಬಯಲಿಗೆ ಹೋಗಿ ಸುದ್ದಿ ಹಂಚಿ ಆಗಿತ್ತು. ಸಂಜೆಗೆ ಕಾಸರಕೋಡಲ್ಲಿ ಗೊತ್ತಿಲ್ದೇ ಇದ್ದದ್ದು ಅಂದ್ರೆ ಸಮುದ್ರದ ಮೀನಿಗೆ ಮಾತ್ರ.

ಭಾನುವಾರ ಸರ್ ಬಂದ್ರು, ಕಾರಲ್ಲಿ. ಮೊಣಕಾಲು ಗಂಟಿನ ಆಪರೇಷನ್ ಆಗಿ ಕೈಲೊಂದು ಕೋಲಿತ್ತು. ಒಟ್ಟಿಗೆ ಪ್ರಿಯಂವದಾ ಮೇಡಮ್ಮು, ಹೈಸ್ಕೂಲಲ್ಲಿ ಚಿತ್ರ ಕಲ್ಸೂರು, ಪುಸ್ತಕದ ಫೋಟೊ ಗೀಟೊ ನೋಡ್ಕಳ್ಳೂದು ಅವ್ರೇ, ಕೈಲಿ ಹೊಸ ಪಾಠದ ಹಾಳೆ ಹಿಡ್ಕಂಡಿದ್ರು. ಮತ್ತೊಬ್ಬ ಕ್ಯಾಮೆರಾದವ. ಮಾದೇವಮ್ಮ ಅವಲಕ್ಕಿ ಕಲಸಿ, ಚಾ ಇಟ್ಟು, ಕುರ್ಚಿ ಒರಸಿ ಒರಸಿ ಅದ್ರ ಬಣ್ಣನೇ ಹೋಗಿತ್ತು. ಅಕ್ಕೋರು ನೀಲಿ ರೇಷ್ಮೆ ಸೀರೆ ಉಟ್ಟು, ಅಬ್ಬಲಿಗೆ ಮುಡ್ಕಂಡು ರೆಡಿ. ನಾವೆಲ್ಲ ಬೇಲಿ ಹತ್ರ.

ಕ್ಯಾಮೆರಾದವ ನೋಡಿ ತಲೆ ಕೆರ್ಕಂಡ. "ಮೇಡಮ್, ಈ ಸೀರೆ ಆಗೂದಿಲ್ಲ. ಸಾದಾದ್ದು ಇಲ್ವಾ? ಸ್ವಲ್ಪ ಹಳೇದು?"

"ಎಂತಕ್ಕೆ?"

"ಹೂವೂ ಬೇಡ" ಅಂದ ಅವ.

ಅಷ್ಟರಲ್ಲಿ ಕಾರಿನ ಡಿಕ್ಕಿಯಿಂದ ಒಂದು ವೀಲ್ ಚೇರ್ ಇಳಿಸಿದ್ರು. ಎಲ್ಲಿಂದ್ಲೋ ಎರವಲು ತಂದದ್ದು. ಅಕ್ಕೋರು ಜನ್ಮದಲ್ಲಿ ವೀಲ್ ಚೇರಲ್ಲಿ ಕೂತೋರಲ್ಲ.

"ಇದು ಯಾರಿಗೆ ಸರ್?"

"ನಿಂಗೇ ತಂಗಿ. ಕೋಲಿದ್ರೆ ಫೋಟೊದಲ್ಲಿ ಸರಿ ಗೊತ್ತಾಗೂದಿಲ್ಲ. ಇದಾದ್ರೆ ಪಕ್ಕಾ ಗೊತ್ತಾಗ್ತದೆ."

"ಎಂತ ಗೊತ್ತಾಗ್ಬೇಕು?"

ಸರ್ ಕ್ಯಾಮೆರಾದವ್ನಿಗೆ ಸನ್ನೆ ಮಾಡಿದ್ರು. ವೀಲ್ ಚೇರನ್ನ ಬೇಲಿ ಆಚೆ ಹೈವೇ ಬದಿಗೆ ಇಟ್ಟು, ಅಕ್ಕೋರನ್ನ ಕೂರ್ಸಿ, ಪಕ್ಕದ ಮನೆ ಹುಡುಗಿ ಒಬ್ಳನ್ನ ಕರ್ದು ಕೈ ಹಿಡ್ಕಳೂಕೆ ಹೇಳಿದ್ರು. ಅಕ್ಕೋರು ಅಭ್ಯಾಸದಂತೆ ನಕ್ರು. ಕ್ಯಾಮೆರಾದವ, "ನಗಬೇಡಿ ಮೇಡಮ್, ಸ್ವಲ್ಪ ಕೆಳಗೆ ನೋಡಿ" ಅಂದ.

ಆಗ ಅಕ್ಕೋರು ಕೈ ಚಾಚಿ, "ಪ್ರಿಯಂವದಾ ಮೇಡಮ್, ಆ ಹಾಳೆ ಕೊಡಿ ನೋಡ್ವಾ" ಅಂದ್ರು. ಮೇಡಮ್ಮು ಕೊಡೂಕೆ ಹಿಂದೆ ಮುಂದೆ ಮಾಡಿದ್ರು, ಕೊಟ್ರು. ಹದಿನೇಳನೇ ಪಾಠ. ಎಲ್ಲ ಹಳೇದೇ. ‘ಕಾಲಿಲ್ಲದವ’ ಅನ್ನೂದು ಹೋಗಿ ‘ಅಂಗವಿಕಲ ಮಹಿಳೆ’ ಆಗಿತ್ತು, ಅಷ್ಟೇ. ದಾರಿ ಅದೇ, ಪಾಪ ಅದೇ.

ಅಕ್ಕೋರು ಎರಡು ಸಲ ಓದಿದ್ರು. ಆಮೇಲೆ ಕೇಳಿದ್ರು, "ಸರ್, ಇದ್ರಲ್ಲಿ ನನ್ನ ಮಾತು ಎಲ್ಲಿದೆ?"

"ನಿನ್ನ ಮಾತು?"

"ಇದು ಮಾತು ಕಲ್ಸೂ ಪುಸ್ತಕ ಅಲ್ದಾ? ಪೋಸ್ಟ್ ಮ್ಯಾನು ಮಾತಾಡ್ತಾನೆ, ಅತ್ತೆ ಮಾತಾಡ್ತಾಳೆ, ಹಾಲು ತರೂ ಹುಡುಗನೂ ಎರಡು ವಾಕ್ಯ ಹೇಳ್ತಾನೆ. ಇವ್ಳಿಗೆ ಒಂದೂ ಮಾತಿಲ್ಲ. ಇವ್ಳ ಬಗ್ಗೆ ಇಬ್ರು ಮಾತಾಡ್ತ್ರು, ಇವ್ಳು ಕೇಳ್ತಾ ಕೂತಿದ್ದಾಳೆ. ಎಂತ, ನಾ ಕೂತ್ಕಳ್ಳೂಕೆ ತೆಂಗಿನ ಸಸಿಯಾ?"

"ಅಲ್ಲ ತಂಗಿ, ಕಲಿಯೋರಿಗೆ ದಯೆ ಬರ್ಲಿ ಹೇಳಿ..."

"ದಯೆ ಬೇಡ ಸರ್. ಆರನೇ ಪಾಠ ಇದ್ಯಲ್ಲ, ಮೀನು ಮಾರ್ಕೆಟ್ಟು? ಅದ್ರಲ್ಲಿ ಹಾಕಿ ನನ್ನ. ಈ ಸೀರೆಲೇ, ಈ ಕೋಲಿಟ್ಕಂಡೇ. ಬಂಗಡೆ ತಾಜಾ ಇಲ್ಲ ಹೇಳಿ ಜಗಳ ಆಡ್ತೆ. ಎಷ್ಟು ಬೇಕಾದ್ರೂ ಫೋಟೊ ತೆಗಿಲಿ."

ಸರ್ ನಕ್ಕರು, ಸಣ್ಣ ಮಕ್ಳಿಗೆ ನಗೂ ಹಂಗೆ. "ಕಲಿಯೋರಿಗೆ ಗಲಿಬಿಲಿ ಆಗ್ತದೆ ಮಾರಾಯ್ತಿ. ಮೀನಿನ ಪಾಠದಲ್ಲಿ ಇವ್ಳಿಗ್ಯಾಕೆ ಕೋಲು, ಎಂತ ಕಾರಣ ಕೇಳ್ತ್ರು."

"ಕಾರಣ ಎಂತಕ್ಕೆ? ಮೀನು ಆರಿಸೂಕೆ ಕಣ್ಣು ಸಾಕು. ಜಗಳಕ್ಕೆ ಬಾಯಿ ಸಾಕು. ಕಾಲಿನ ಕೆಲಸ ಎಂತ ಅಲ್ಲಿ?"

ನಾವು ಬೇಲಿ ಹತ್ರ ಕಿಸಕ್ಕಂತ ನಕ್ಕೇ ಬಿಟ್ವು. ಮಾದೇವಮ್ಮ ಮಾತ್ರ ಚಾ ಲೋಟ ಹಿಡ್ಕಂಡು ನಿಂತಲ್ಲೇ, "ನರ್ಮದಾ, ಫೋಟೊ ಅಲ್ದಾ, ಒಂದ್ಗಳಿಗೆ ಕೂತ್ಕಾ ಮಗಾ. ಊರಿಗೆಲ್ಲ ಹೇಳಿ ಆಗಿದೆ" ಅಂದ್ರು. ಅಕ್ಕೋರಿಗೆ ಅದು ಚುಚ್ತು, ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಆದ್ರೂ ಎದ್ರು. ವೀಲ್ ಚೇರಿನ ಕೈ ಹಿಡ್ದು ಎದ್ದು, ಕೋಲು ತಗಂಡು, ಸ್ಕೂಟಿ ಹತ್ತಿ, "ಅಮ್ಮ, ಅವ್ರಿಗೆ ಅವಲಕ್ಕಿ ಹಾಕು. ನಾ ಮೀನು ತರೂಕೆ ಹೋತೆ" ಅಂತ ಹೇಳಿ ರೊಯ್ಯಂತ ಹೋದ್ರು. ರೇಷ್ಮೆ ಸೀರೆ, ಅಬ್ಬಲಿಗೆ, ಹೈವೇ. ಕ್ಯಾಮೆರಾದವ ಆ ಫೋಟೊ ತೆಗಿಬೇಕಿತ್ತು, ತೆಗಿಲಿಲ್ಲ.

ಆ ವಾರ ಸರ್ ಫೋನು ಮಾಡಿ ಗಟ್ಟಿಯಾಗೇ ಹೇಳಿದ್ರು. ಪುಸ್ತಕ ಅಚ್ಚಿಗೆ ಹೋಗೂ ಮೊದ್ಲು ಕಮಿಟಿಯವ್ರು ಕುಮಟಾ ಕ್ಲಾಸಿಗೆ ಬತ್ತ್ರು. ಹದಿನೇಳನೇ ಪಾಠ ಮಾಡಿ ತೋರಿಸ್ಬೇಕು, ಪುಸ್ತಕದಲ್ಲಿ ಇದ್ದ ಹಂಗೇ. ಫೋಟೊಕ್ಕೆ ಬೇರೆ ಯಾರಾದ್ರೂ ಸಿಕ್ತ್ರು. ಪಾಠ ಮಾಡೂದಿಲ್ಲ ಅಂದ್ರೆ ಮೂರೂ ಊರಿನ ಕ್ಲಾಸಿಗೆ ಬೇರೆ ಅಕ್ಕೋರನ್ನ ನೋಡ್ಬೇಕಾಗ್ತದೆ.

ಮನೆಲಿ ಎರಡು ದಿನ ಅದೇ ಮಾತು. ಮಾದೇವಮ್ಮ ಹೇಳೂದು ಇಷ್ಟೇ, "ಒಂದು ಪಾಠ ಅಲ್ದಾ? ಕಣ್ಮುಚ್ಚಿ ಮಾಡಿ ಮುಗಿಸು. ಕ್ಲಾಸು ಹೋದ್ರೆ ಎಂತ ಮಾಡ್ತ್ಯೇ? ನನ್ನೊಟ್ಟಿಗೆ ಮೀನು ಒಣಗಿಸೂಕೆ ಬತ್ಯಾ?" ಅಕ್ಕೋರಿಗೆ ಆ ಕ್ಲಾಸು ಅಂದ್ರೆ ಜೀವ, ಅದು ಹೋದ್ರೆ ಅವ್ರು ಅವ್ರಾಗಿ ಇರೂದಿಲ್ಲ, ನಂಗೆ ಗೊತ್ತಿತ್ತು. ಪಾಠ ಮಾಡಿದ್ರೂ ಅವ್ರು ಅವ್ರಾಗಿ ಇರೂದಿಲ್ಲ. ಅದೂ ಗೊತ್ತಿತ್ತು.

ಶನಿವಾರ ಸೇತುವೆ ಮೇಲೆ ನಾ ಹಿಂದಿಂದ ಕೇಳ್ದೆ, "ಅಕ್ಕೋರೇ, ಎಂತ ಮಾಡ್ತ್ರಿ?"

"ಪಾಠ ಮಾಡ್ತೆ" ಅಂದ್ರು.

ನಾ ಬಗ್ಗಿ ಸ್ಕೂಟಿ ಕನ್ನಡಿಲಿ ಅವ್ರ ಮುಖ ನೋಡ್ದೆ.

ಕುಮಟಾ ರೂಮಲ್ಲಿ ಎದುರು ಸಾಲಲ್ಲಿ ಕಮಿಟಿ. ನಡುಮಧ್ಯ ಕೃಷ್ಣಾನಂದ ಸರ್, ಕೋಲು ಕುರ್ಚಿಗೆ ಒರಗಿಸಿ, ಒಂದು ಕಾಲು ಉದ್ದ ಮಾಡ್ಕಂಡು. ಪಕ್ಕ ಪ್ರಿಯಂವದಾ ಮೇಡಮ್ಮು. ಹಿಂದೆ ಕಿರಣ, ಒಡಿಶಾದ ದೋಣಿ ಹುಡುಗ್ರು, ನರ್ಸುಗಳು. ಅಕ್ಕೋರು ಅದೇ ನೀಲಿ ಸೀರೆ. ಪಾಠ ಓದಿಸಿದ್ರು, ಅರ್ಥ ಹೇಳಿದ್ರು, ಒಂದು ಶಬ್ದ ಆಚೆ ಈಚೆ ಮಾಡ್ಲಿಲ್ಲ. ಸರ್ ತಲೆ ಆಡಿಸ್ತಾ ಇದ್ರು. ಗೆದ್ದೆ ಅಂತ.

"ಆತು. ಈಗ ಮುಖ ನೋಡಿ ಹೇಳ್ಬೇಕು" ಅಂದ್ರು ಅಕ್ಕೋರು.

ಕ್ಲಾಸಲ್ಲಿ ಎಲ್ರೂ ಒಂದ್ಸಲ ಅವ್ರ ಕೋಲು ನೋಡಿದ್ರು, ಕೂಡ್ಲೇ ಬೇರೆ ಕಡೆ ನೋಡಿದ್ರು.

"ನನ್ನ ಎಂತಕ್ಕೆ ನೋಡ್ತ್ರಿ? ನಾ ಕೂತಿದ್ದೆನಾ? ನಾ ನಿಂತಿದ್ದೆ, ಪಾಠ ಮಾಡ್ತಿದ್ದೆ. ಪುಸ್ತಕ ಸರಿ ಓದಿ. ಕಾಲು ಸರಿ ಇಲ್ದವ್ರು, ಕೂತವ್ರು, ಸುಮ್ನೆ ಇದ್ದವ್ರು. ಈ ರೂಮಲ್ಲಿ ಯಾರಿದ್ದಾರೆ ಹುಡ್ಕಿ."

ಎಲ್ರೂ ರೂಮಿನ ಸುತ್ತ ಕಣ್ಣಾಡಿಸಿದ್ರು. ಆಮೇಲೆ ಕಿರಣ ಎದ್ದ. ಸೀದಾ ಸರ್ ಹತ್ರ ಹೋಗಿ, ಎದೆ ಮೇಲೆ ಕೈ ಇಟ್ಟು, ಬ್ಯಾಂಕಲ್ಲಿ ಹೇಳಿದ ಅದೇ ದನಿಲಿ ಶುರು ಮಾಡ್ದ: "ಅಯ್ಯೋ ಪಾಪ! ಇವರಿಗೆ ನಡೆಯಲು ಆಗುವುದಿಲ್ಲ!"

ಒಡಿಶಾದ ಹುಡುಗ ಓಡಿ ಬಂದ. "ಬನ್ನಿ, ನಾವು ಇವರಿಗೆ ಸಹಾಯ ಮಾಡೋಣ!" ಬಲೆ ಎಳೆಯೂ ಕೈ ಅದು, ಸರ್ ರಟ್ಟೆಗೆ ಹಾಕಿ ಎತ್ತಿಯೇ ಬಿಟ್ಟ. ಸರ್ ಅರ್ಧ ಗಾಳಿಲಿ. ಒಬ್ಳು ನರ್ಸು ಹಿಂದಿಂದ ಬಂದು ಬೆನ್ನು ಸವರಿ, "ಅಯ್ಯೋ ಪಾಪ, ಅಯ್ಯೋ ಪಾಪ" ಅಂತ ಎರಡೆರಡು ಸಲ ಹೇಳಿದ್ಳು, ಅಭ್ಯಾಸಕ್ಕೆ ಒಳ್ಳೇದು ಹೇಳಿ.

ಸರ್ ಮುಖ ಕೆಂಪಾಗಿ ಕೋಕಮ್ ಹಣ್ಣು ಆತು. ಅವ್ರು ಯಾವತ್ತೂ ಹೊರಗೆ ತಮ್ಮ ಘಟ್ಟದ ಮನೆ ಮಾತು ಆಡೂರಲ್ಲ, ಪೇಟೆ ಕನ್ನಡವೇ ಸೈ. ಅವತ್ತು ಹೊರಗೆ ಬಂತು: "ನಂಗೆಂತದೂ ಆಜಿಲ್ಲೆ! ಕೈ ಬಿಡಾ! ನಾ ಗಟ್ಟಿ ಇದ್ದಿ!"

ಹುಡುಗ ಹೆದ್ರಿ ಸರನ್ನ ಮೆತ್ತಗೆ ಕುರ್ಚಿಗೆ ಇಳಿಸಿದ.

ಅಕ್ಕೋರು ಕ್ಲಾಸಿಗೆ ತಿರುಗಿದ್ರು. "ಕೇಳಿದ್ರಾ? ಪುಸ್ತಕದಲ್ಲಿ ಕೂತವ್ರಿಗೆ ಮಾತೇ ಇರ್ಲಿಲ್ಲ, ನಾ ಇಷ್ಟು ದಿನ ಹುಡುಕ್ತಿದ್ದೆ. ಸರ್ ಕೊಟ್ರು. ಆಜಿಲ್ಲೆ ಅಂದ್ರೆ ಆಗಿಲ್ಲ. ಎಲ್ರೂ ಒಟ್ಟಿಗೆ ಹೇಳಿ: ನಂಗೆಂತದೂ ಆಜಿಲ್ಲೆ, ಕೈ ಬಿಡಾ!"

ಇಡೀ ಕ್ಲಾಸು ಹೇಳ್ತು ನೋಡಿ! ಬಿಹಾರ, ಕೇರಳ, ಒಡಿಶಾ ಎಲ್ಲ ಸೇರಿ, ಘಟ್ಟದ ತೋಟದ ಮನೆ ಕನ್ನಡ, ಕಿಟಕಿ ಗಾಜು ಅದುರೂ ಹಂಗೆ. ಪ್ರಿಯಂವದಾ ಮೇಡಮ್ಮು ಸೆರಗು ಬಾಯಿಗೆ ತುರುಕಿ ಬಗ್ಗಿ ಕೂತಿದ್ರು, ಭುಜ ಮಾತ್ರ ಕುಲುಕ್ತಾ ಇತ್ತು.

ಸರ್ ಎದ್ರು. ಕೋಲು ಕೆಳಗೆ ಬಿದ್ದಿತ್ತು. ಎತ್ತಿ ಕೊಡೂಕೆ ಯಾರೂ ಧೈರ್ಯ ಮಾಡ್ಲಿಲ್ಲ. ಅವ್ರೇ ಬಗ್ಗಿ, ಕಷ್ಟದಲ್ಲಿ ತಗಂಡ್ರು.

"ನನ್ನ ಮರ್ಯಾದೆ ತೆಗ್ದೆ ನೀನು" ಅಂದ್ರು.

"ಒಂದು ನಿಮಿಷ ಆತು ಸರ್ ನಿಮಗೆ" ಅಂದ್ರು ಅಕ್ಕೋರು. ದನಿ ಏರಿಸ್ಲಿಲ್ಲ. "ಆ ಒಂದು ನಿಮಿಷದಲ್ಲೇ ನಿಮಗೆ ಮನೆ ಮಾತು ಬಂತು. ಈ ಪುಸ್ತಕ ಅಚ್ಚಾದ್ರೆ ಇಲ್ಲಿಗೆ ಬರೂ ಪ್ರತಿಯೊಬ್ಬನೂ ನಂಗೆ ಇದನ್ನೇ ಹೇಳ್ತಾನೆ, ನಾ ಬದುಕಿರೂವರೆಗೆ. ಆ ಪಾಠ ನಾ ಇನ್ನು ಕಲ್ಸೂದಿಲ್ಲ. ಇವತ್ತೇ ಕಡೆ."

ಸರ್ ಹೋದ್ರು. ಕಾರಿನ ಬಾಗ್ಲು ಧಡಾರ್ ಅಂತು.

ಈಗ ನೀವು ಅಂದ್ಕಳ್ತ್ರಿ, ಸರ್ ಮನಸ್ಸು ಕರಗಿ, ಪುಸ್ತಕದಲ್ಲಿ ಮೀನು ಮಾರ್ಕೆಟ್ಟಲ್ಲಿ ಅಕ್ಕೋರ ಫೋಟೊ ಬಂತು ಅಂತ. ಎಂತದೂ ಇಲ್ಲ. ಮುಂದಿನ ವಾರ ಪ್ರಿಯಂವದಾ ಮೇಡಮ್ಮು ಫೋನು ಮಾಡಿದ್ರು. ಹದಿನೇಳನೇ ಪಾಠ ತೆಗ್ದಿದ್ದಾರೆ. ತಂಟೆಯೇ ಬೇಡ ಹೇಳಿದ್ರಂತೆ ಸರ್. ಅದ್ರ ಜಾಗಕ್ಕೆ ರೈಲ್ವೆ ಸ್ಟೇಶನ್ ಪಾಠ. ಮತ್ತೆ ಅಕ್ಕೋರು ಇನ್ನು ಕ್ಲಾಸಿಗೆ ಬರೂದು ಬೇಡ ಅಂತಲೂ.

ಮಾದೇವಮ್ಮ, "ಪಾಠ ತೆಗ್ಸಿದ್ಯಲ್ಲ, ಗೆದ್ದೆ" ಅಂದ್ರು. ಈಗ ಅವ್ರದ್ದು ಪಕ್ಷ ಬದಲಾಗಿತ್ತು, ಬಯಲಲ್ಲಿ ಕಿರಣನ ಹಂಗೆ ಎದೆ ಮೇಲೆ ಕೈ ಇಟ್ಟು ಅಭಿನಯ ಮಾಡಿ ತೋರಿಸ್ತಿದ್ರು.

ಅಕ್ಕೋರಿಗೆ ಮಾತ್ರ ಸಿಟ್ಟು ಇಳೀಲಿಲ್ಲ. "ಎಂತ ಗೆದ್ದದ್ದು? ಮೊದ್ಲು ಮೂಲೆಲಿ ಕೂರ್ಸಿದ್ರು, ಈಗ ಮನೆಯಿಂದ್ಲೇ ಹೊರಗೆ ಹಾಕಿದ್ರು. ಆ ಪುಸ್ತಕ ಓದಿದವ್ನಿಗೆ ಈ ಊರಲ್ಲಿ ನಮ್ಮಂಥವ್ರು ಇದ್ದಾರೆ ಅಂತಲೇ ಗೊತ್ತಾಗೂದಿಲ್ಲ. ಇದಕ್ಕೆ ನಾ ಸುಮ್ಮನಿರ್ಬೇಕಾ?"

ಸುಮ್ಮನಿರ್ಲಿಲ್ಲ. ಟ್ರಸ್ಟು ಹೊಸ ಅಕ್ಕೋರನ್ನ ತಂತು. ಕುಮಟಾ ರೂಮಿಗೆ ಎಷ್ಟೋ ಜನ ಹೋಗ್ಲೇ ಇಲ್ಲ, ಕಿರಣ ಮೊದ್ಲು. ಅವ ಅಕ್ಕೋರಿಗೆ ಫೋನು ಮಾಡಿ, "ಅಕ್ಕೋರೇ, ನಮ್ಮ ಪಾಠ ಎಲ್ಲಿ?" ಅಂತ ಕೇಳಿದ. ಸ್ವಂತ ವಾಕ್ಯ, ಯಾವ ಪುಸ್ತಕದ್ದೂ ಅಲ್ಲ. ಅಕ್ಕೋರು ಅದನ್ನ ನಂಗೆ ಮೂರು ಸಲ ಹೇಳಿದ್ರು.

ಈಗ ರೂಮಿಲ್ಲ, ಪುಸ್ತಕ ಇಲ್ಲ. ಊರೇ ಕ್ಲಾಸು. ಶುಕ್ರವಾರ ಭಟ್ಕಳಕ್ಕೆ ಹೋಗ್ತಾ ಶಿರಾಲಿಲಿ ಗುರುದತ್ತನ ಟೈಲರ್ ಅಂಗಡಿಲಿ ಒಂದು ತಾಸು. ಗುರುದತ್ತನಿಗೆ ಕಿವಿ ಕೇಳೂದಿಲ್ಲ, ಬಾಯಿ ನೋಡಿ ತಿಳ್ಕಳ್ತಾನೆ. ಅಲ್ಲಿ ಕಲಿಯೋರು ಅಂಗಿ ಹೊಲಿಗೆ ಹಾಕ್ಬೇಕು, ತೋಳು ಎಷ್ಟು, ಕಾಲರ್ ಎಂಥದು, ಯಾವಾಗ ಕೊಡ್ತ್ರಿ, ಎಲ್ಲ ಅವ್ನ ಹತ್ರ ಮಾತಾಡ್ಬೇಕು. ಬಾಯೊಳಗೇ ಗೊಣಗಿದ್ರೆ ಗುರುದತ್ತ ಟೇಪು ಕುತ್ತಿಗೆಗೆ ಹಾಕ್ಕಂಡು, "ಬಾಯಲ್ಲಿ ಎಂತ, ಎಲೆ ಅಡಿಕೆಯಾ? ತೆಗ್ದು ಹೇಳು" ಅಂತಾನೆ. ಒಬ್ಳು ಹೊಸ ಹುಡುಗಿ ಅವ್ನನ್ನ ನೋಡಿ ಕನಿಕರದ ಮುಖ ಮಾಡಿದ್ಳು, ಅಕ್ಕೋರು, "ಕನಿಕರ ಆಮೇಲೆ, ಮೊದ್ಲು ನಿನ್ನ ರವಿಕೆ ಅವ ಹಾಳು ಮಾಡಿದ್ದಾನಾ ನೋಡು. ಹಾಳು ಮಾಡಿದ್ರೆ ಬೈಯಿ" ಅಂದ್ರು. ಹಾಳು ಮಾಡಿದ್ದ. ಬೈದ್ಳು. ಅವನೂ ಬೈದ. ಎಂಥಾ ಚಂದದ ಕನ್ನಡ ಕಲ್ತ್ಳು ಗೊತ್ತುಂಟಾ ಅವತ್ತು!

ಪ್ರಿಯಂವದಾ ಮೇಡಮ್ಮು ಎರಡು ಸಲ ಬಂದು ಚಿತ್ರ ಬಿಡಿಸ್ಕಂಡು ಹೋಗಿದ್ದಾರೆ. ಎಂತಕ್ಕೆ ಅಂತ ಹೇಳ್ಲಿಲ್ಲ, ಅಕ್ಕೋರೂ ಕೇಳ್ಲಿಲ್ಲ. ಕೃಷ್ಣಾನಂದ ಸರ್ ಮಾತಾಡೂದಿಲ್ಲ ಈಗ್ಲೂ. ಕುಮಟಾ ಪೇಟೆಲಿ ಎದ್ರಿಗೆ ಸಿಕ್ಕಿದ್ರೆ ಇಬ್ರೂ ಕೋಲೂರಿ ಒಂದ್ಗಳಿಗೆ ನಿಂತು ನೋಡ್ಕಳ್ತ್ರು, ಆಮೇಲೆ ಸರ್ ದಾರಿ ಬಿಡ್ತ್ರು. ಅಕ್ಕೋರು ಬಿಡೂದಿಲ್ಲ.

ನಾ ಎಷ್ಟು ಹೇಳಿದ್ರೂ ಇದು ನಾ ಹೇಳಿದ ನರ್ಮದಾ ಅಕ್ಕೋರೇ ಆಗ್ತದೆ. ಅವ್ರ ಮಾತು ಅವ್ರ ಬಾಯಲ್ಲೇ ಕೇಳ್ಬೇಕು. ಹೊನ್ನಾವರ ಬಸ್ ಸ್ಟ್ಯಾಂಡಲ್ಲಿ ಇಳ್ದು ಗುರುವಾರ ಸಂಜೆ ಮಾರ್ಕೆಟ್ಟಿನ ಕಡೆ ನಡೀರಿ, ಸೈಡ್ ವೀಲಿನ ಬಿಳಿ ಸ್ಕೂಟಿ ನಿಂತಿರ್ತದೆ, ಸುತ್ತ ಐದಾರು ಜನ ಬಾಯಿ ಬಿಟ್ಟು ಏನೇನೋ ಹೇಳ್ತಾ ಇರ್ತಾರೆ. ಮಳೆ ಬಂದ್ರೆ ಎದುರಿನ ಚಾ ಅಂಗಡಿ ಒಳಗೆ ನೋಡಿ. ಕನ್ನಡ ಬರ್ತದೆ ಅಂತ ಹಿಂದೆ ನಿಲ್ಬೇಡಿ, ಸೀದಾ ಎದ್ರಿಗೆ ಹೋಗಿ ನಿಮ್ಮ ಹೆಸ್ರು ಹೇಳಿ, ಅವ್ರದ್ದು ಕೇಳಿ. ಹೋಗಿ ಮಾರಾಯ್ರೇ, ಈ ಗುರುವಾರವೇ ಹೋಗಿ.